ಹಾಯಿದೋಣಿಯಲ್ಲಿ ತಂಪಿನ ಲೆಕ್ಕ

ಆಗಸ್ಟ್ ತಿಂಗಳ ಒಂದು ರಾತ್ರಿ. ಅಮೆರಿಕದ ಫ್ಲಾರಿಡ ತೀರದ ಕೊಲ್ಲಿಯೊಂದರಲ್ಲಿ 12 ಮೀಟರು ಉದ್ದದ ಹಾಯಿದೋಣಿಯೊಂದು ಲಂಗರು ಹಾಕಿ ನಿಂತಿದೆಯೆಂದು ಭಾವಿಸೋಣ. ಗಾಳಿ ಬೀಸುತ್ತಿಲ್ಲ. ಸಮುದ್ರದ ನೀರೇ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದೆ. ಒಳಗೆ ಮಲಗಿದವರ ಮೈಯಿಂದ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ; ಗಾಳಿಯಲ್ಲಿ ಆಗಲೇ ತೇವ ತುಂಬಿದೆ. ನಮ್ಮ ಮಂಗಳೂರಿನಲ್ಲಿ ಮೇ ತಿಂಗಳನ್ನು ಕಳೆದವರಿಗೆ ಈ ಸೆಕೆಯನ್ನು ವಿವರಿಸಬೇಕಾಗಿಲ್ಲ. ನಿದ್ದೆಗೆಟ್ಟ ನಾವಿಕನೇ ಮರುದಿನ ಚುಕ್ಕಾಣಿ ಹಿಡಿಯಬೇಕಾದವನು. ಆದುದರಿಂದ ಇಲ್ಲಿ ಹವಾನಿಯಂತ್ರಣವೆಂಬುದು ಬರಿಯ ಭೋಗದ ಮಾತಲ್ಲ. ಯಂತ್ರವೊಂದನ್ನು ಕೊಂಡು ತಂದು ಕೂರಿಸಿದರೆ ಸಾಲದೆ? ಸಾಲದು. ಲೆಕ್ಕ ಹಾಕದೆ ಕೂರಿಸಿದ ಯಂತ್ರವು ದೋಣಿಯ ಬ್ಯಾಟರಿಗಳನ್ನು ಒಂದೇ ರಾತ್ರಿಯಲ್ಲಿ ಬರಿದುಮಾಡಬಲ್ಲದು. ದೋಣಿಯನ್ನೇ ಮುಳುಗಿಸಲೂ ಬಲ್ಲದು. ಹೇಗೆಂಬುದನ್ನು ನೋಡೋಣ.

ಹವಾನಿಯಂತ್ರಕವು ತಂಪನ್ನು ತಯಾರಿಸುವ ಯಂತ್ರವಲ್ಲ. ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಸಾಗಿಸುವ ಯಂತ್ರ. ಕೋಣೆಯೊಳಗಿನ ಸುರುಳಿಯಲ್ಲಿ ಶೈತ್ಯಕ ದ್ರವವು ಆವಿಯಾಗುತ್ತ ಗಾಳಿಯಿಂದ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಮಾಡುತ್ತದೆ. ಬಿಸಿಯಾದ ಆವಿ ಸಾಂದ್ರಕದಲ್ಲಿ ತನ್ನ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. 1902ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಇಂದಿನ ಹವಾನಿಯಂತ್ರಣದ ಮೊದಲ ವ್ಯವಸ್ಥೆಯನ್ನು ಯೋಜಿಸಿದಾಗ ಅವನ ಗುರಿ ಮುಖ್ಯವಾಗಿ ಗಾಳಿಯ ತೇವವನ್ನು ಹತೋಟಿಗೆ ತರುವುದಾಗಿತ್ತು. ದೋಣಿಯಲ್ಲಿಯೂ ತೇವವನ್ನು ತೆಗೆಯುವುದು ತಂಪು ಮಾಡುವುದರಷ್ಟೇ ಮುಖ್ಯ.

ಮೊದಲ ಪ್ರಶ್ನೆ: ಎಷ್ಟು ಶಾಖವನ್ನು ಹೊರಹಾಕಬೇಕು? ಅಟ್ಟದ ಕೆಳಗಿನ ಕೋಣೆಗಳಿಗೆ ನೆಲದ ಒಂದು ಚದರ ಮೀಟರಿಗೆ ಸುಮಾರು 190 ವ್ಯಾಟ್ ಎಂಬುದು ರೂಢಿಯಲ್ಲಿರುವ ಸ್ಥೂಲ ಲೆಕ್ಕ. ನಮ್ಮ ದೋಣಿಯ ಒಳನೆಲ 18.5 ಚದರ ಮೀಟರು ಇದ್ದರೆ ಒಟ್ಟು 3.5 ಕಿಲೊವ್ಯಾಟ್ ಆಯಿತು. ಇದನ್ನೇ ವ್ಯಾಪಾರದಲ್ಲಿ 'ಒಂದು ಟನ್ನು' ಎನ್ನುತ್ತಾರೆ. ಇದು ಯಂತ್ರದ ತೂಕವಲ್ಲ. ಅಮೆರಿಕದ ಒಂದು ಟನ್ನು, ಎಂದರೆ 907 ಕಿಲೊಗ್ರಾಂ, ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ವೇಗ. ಮಂಜಿನ ಗುಪ್ತೋಷ್ಣವು ಕಿಲೊಗ್ರಾಮಿಗೆ 334 ಕಿಲೊಜೌಲ್ ಎಂಬುದನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು.

ಹಾಗಾದರೆ ಹೆಚ್ಚು ಶಕ್ತಿಯ ಯಂತ್ರವನ್ನೇ ತಂದರೆ ಒಳಿತಲ್ಲವೆ? ಅಲ್ಲ. ದೊಡ್ಡ ಯಂತ್ರವು ಗಾಳಿಯನ್ನು ಬೇಗನೆ ತಂಪಾಗಿಸಿ ನಿಂತುಬಿಡುತ್ತದೆ. ತೇವವು ಸುರುಳಿಯ ಮೇಲೆ ಹನಿಗೂಡಿ ಹರಿದುಹೋಗಲು ಸಮಯ ಸಿಕ್ಕುವುದಿಲ್ಲ. ಕೋಣೆ ತಣ್ಣಗಿದ್ದರೂ ಹಸಿಯಾಗಿಯೇ ಉಳಿಯುತ್ತದೆ. ಸರಿಯಾದ ಅಳತೆಯ ಯಂತ್ರವು ಇಂಥ ಹವೆಯಲ್ಲಿ ಗಂಟೆಗೆ ಒಂದೂವರೆ ಲೀಟರಿನಷ್ಟು ನೀರನ್ನು ಗಾಳಿಯಿಂದ ಹಿಂಡಬಲ್ಲದು. ಆ ನೀರಿಗೂ ದಾರಿಯನ್ನು ಯೋಜಿಸಬೇಕು. ಇಲ್ಲವಾದರೆ ಅದು ದೋಣಿಯ ತಳದಲ್ಲಿ ನಿಂತು ಕೊಳೆಯುತ್ತದೆ.

ಎರಡನೆಯ ಪ್ರಶ್ನೆ: ಶಾಖವನ್ನು ಎಲ್ಲಿಗೆ ಹಾಕಬೇಕು? ದೋಣಿಯ ಸುತ್ತಲೂ ಇರುವ ಕಡಲಿಗೇ. ಸಮ ಗಾತ್ರದ ಗಾಳಿಗಿಂತ ನೀರು 3,000 ಪಾಲಿಗೂ ಹೆಚ್ಚು ಶಾಖವನ್ನು ಹೊರಬಲ್ಲದು. 3.5 ಕಿಲೊವ್ಯಾಟ್ ಶಾಖವನ್ನು ಸಾಗಿಸಲು ಕಂಪ್ರೆಸರ್ ಸುಮಾರು 1.2 ಕಿಲೊವ್ಯಾಟ್ ವಿದ್ಯುತ್ತನ್ನು ಬಳಸುವುದೆಂದು ಇಟ್ಟುಕೊಳ್ಳೋಣ. ಆ ಶಕ್ತಿಯೂ ಶಾಖವಾಗಿಯೇ ಹೊರಬರಬೇಕಾದುದರಿಂದ ಕಡಲು ಪಡೆಯುವುದು 4.7 ಕಿಲೊವ್ಯಾಟ್. ನಿಮಿಷಕ್ಕೆ 11 ಲೀಟರು ನೀರನ್ನು ಸಾಂದ್ರಕದ ಮೂಲಕ ಹರಿಸಿದರೆ ಆ ನೀರು ಸುಮಾರು 6 ಡಿಗ್ರಿ ಮಾತ್ರ ಬಿಸಿಯಾಗಿ ಹೊರಬೀಳುತ್ತದೆ.

ಈ ನೀರನ್ನು ತರಲು ದೋಣಿಯ ಒಡಲಿನಲ್ಲಿ ಜಲಮಟ್ಟಕ್ಕಿಂತ ಕೆಳಗೆ ಒಂದು ರಂಧ್ರ ಬೇಕು. ಅಪಾಯವಿರುವುದು ಇಲ್ಲಿಯೇ. ಜಲಮಟ್ಟದಿಂದ 60 ಸೆಂಟಿಮೀಟರು ಕೆಳಗೆ 2 ಸೆಂಟಿಮೀಟರು ಅಡ್ಡಳತೆಯ ರಂಧ್ರವಿದ್ದು, ಅದಕ್ಕೆ ಜೋಡಿಸಿದ ಕೊಳವೆ ಕಳಚಿತೆನ್ನಿ. 1644ರಲ್ಲಿ ಟಾರಿಚೆಲ್ಲಿ ಪ್ರಕಟಿಸಿದ ನಿಯಮದಂತೆ ನೀರು ಸೆಕೆಂಡಿಗೆ 3.4 ಮೀಟರು ವೇಗದಲ್ಲಿ ಒಳನುಗ್ಗುತ್ತದೆ; ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಲೀಟರು. ಘರ್ಷಣೆಯಿಂದ ಇದು ಸ್ವಲ್ಪ ತಗ್ಗಿದರೂ ಅರ್ಧ ಗಂಟೆಯೊಳಗೆ ಒಂದು ಟನ್ನು ನೀರು ಒಳಗಿರುತ್ತದೆ; ಆಗ ಎಲ್ಲರೂ ನಿದ್ದೆಯಲ್ಲಿರಬಹುದು. ಆದುದರಿಂದ ರಂಧ್ರಕ್ಕೆ ಕೈಗೆ ಸುಲಭವಾಗಿ ಎಟಕುವ ಕವಾಟವನ್ನು ಜೋಡಿಸಬೇಕು, ಕೊಳವೆ ಗಟ್ಟಿಯಾಗಿರಬೇಕು, ದೋಣಿಯನ್ನು ಬಿಟ್ಟು ಹೋಗುವಾಗ ಕವಾಟವನ್ನು ಮುಚ್ಚಲೇಬೇಕು. ಪಂಪನ್ನೂ ಜಲಮಟ್ಟದ ಕೆಳಗಿಟ್ಟು, ಅಲ್ಲಿಂದ ಸಾಂದ್ರಕದವರೆಗೆ ಕೊಳವೆಯನ್ನು ಏರುತ್ತಲೇ ಒಯ್ಯಬೇಕು. ನಡುವೆ ಡೊಂಕಿದ್ದರೆ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ: ವಿದ್ಯುತ್ತು ಎಲ್ಲಿಂದ ಬರಬೇಕು? ಬಂದರಿನ ಕಟ್ಟೆಗೆ ಕಟ್ಟಿದ ದೋಣಿಗೆ ದಡದ ತಂತಿಯಿಂದ ಬರುತ್ತದೆ, ಅಲ್ಲಿ ತೊಂದರೆಯಿಲ್ಲ. ಲಂಗರು ಹಾಕಿದ ದೋಣಿಗೆ ಆ ಆಸರೆಯಿಲ್ಲ. ಪಂಪು, ಬೀಸಣಿಗೆಗಳೂ ಸೇರಿ 1.35 ಕಿಲೊವ್ಯಾಟ್ ಬೇಕು. ಎಂಟು ಗಂಟೆಗಳ ರಾತ್ರಿಯಲ್ಲಿ ಯಂತ್ರವು ಅರ್ಧ ಕಾಲ ಮಾತ್ರ ಓಡಿದರೂ 5.4 ಯೂನಿಟ್ ಖರ್ಚಾಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಇದು 450 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ 900 ಆಂಪಿಯರ್-ಗಂಟೆಯ ಬ್ಯಾಟರಿಗಳು ಬೇಕು. ಅವುಗಳ ತೂಕ ಸುಮಾರು 270 ಕಿಲೊಗ್ರಾಂ. ಲಿಥಿಯಂ ಬ್ಯಾಟರಿಗಳಾದರೆ ತೂಕ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ಆದರೆ ಬೆಲೆ ಏರುತ್ತದೆ. ಅವನ್ನು ಮರುದಿನ ತುಂಬಿಸಲು ಐದಾರು ಚದರ ಮೀಟರು ಸೌರಫಲಕಗಳಿಗೆ ಎಡೆ ಬೇಕು. ಹಾಯಿಕಂಬದ ನೆರಳು ಅವುಗಳ ಮೇಲೆ ಬೀಳಲೂಬಾರದು. ಜನರೇಟರನ್ನು ಓಡಿಸಬಹುದು. ಆದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು. ಎಚ್ಚರಿಕೆಯ ಗಂಟೆಯಿಲ್ಲದೆ ಆ ದಾರಿಯನ್ನು ಹಿಡಿಯಬಾರದು.

ಹಾಗಾದರೆ ತಂಪಿನ ಆಸೆಯನ್ನೇ ಬಿಡಬೇಕೆ? ಬೇಕಿಲ್ಲ. ಲೆಕ್ಕವನ್ನು ಇನ್ನೊಂದು ತುದಿಯಿಂದ ಪ್ರಾರಂಭಿಸೋಣ. ಅಟ್ಟದ ಮೇಲೆ ಬಿಳಿಯ ಬಟ್ಟೆಯ ಮೇಲ್ಕಟ್ಟನ್ನು ಕಟ್ಟಿದರೆ ಬಿಸಿಲು ದೋಣಿಯನ್ನು ಮುಟ್ಟುವ ಮೊದಲೇ ತಡೆಯಲ್ಪಡುತ್ತದೆ. ನಡುಹಗಲಿನ ಬಿಸಿಲು ಚದರ ಮೀಟರಿಗೆ 1,000 ವ್ಯಾಟ್‌ವರೆಗೆ ಇರುವುದೆಂಬುದನ್ನು ಮರೆಯಬಾರದು. ಅನಂತರ, ದೋಣಿಯನ್ನೆಲ್ಲ ಬಿಟ್ಟು ಮಲಗುವ ಕೋಣೆಯನ್ನು ಮಾತ್ರ ತಂಪಾಗಿಸೋಣ. ಅದರ ನೆಲ 8 ಚದರ ಮೀಟರು ಇದ್ದರೆ 1.5 ಕಿಲೊವ್ಯಾಟಿನ ಯಂತ್ರ ಸಾಕು. ರಾತ್ರಿಯ ಖರ್ಚು 5.4 ಯೂನಿಟ್‌ನಿಂದ ಸುಮಾರು 2.4ಕ್ಕೆ ಇಳಿಯುತ್ತದೆ, ಬ್ಯಾಟರಿಯ ತೂಕವೂ ಸೌರಫಲಕದ ವಿಸ್ತೀರ್ಣವೂ ಅದೇ ಪ್ರಮಾಣದಲ್ಲಿ ತಗ್ಗುತ್ತವೆ. ಅಸಾಧ್ಯವೆಂದು ತೋರಿದುದು ಹೀಗೆ ಸಾಧ್ಯವಾಯಿತು.

ಮನೆಯಲ್ಲಿ ಗೋಡೆಯ ಗುಂಡಿಯನ್ನು ಒತ್ತುವ ನಮಗೆ ತಂಪಿನ ಬೆಲೆ ಕಣ್ಣಿಗೆ ಬೀಳುವುದು ತಿಂಗಳ ಕೊನೆಗೆ ಒಮ್ಮೆ ಮಾತ್ರ. ದೋಣಿಯಲ್ಲಿ ಅದು ಪ್ರತಿ ಬೆಳಗ್ಗೆಯೂ ಬ್ಯಾಟರಿಯ ಮಾಪಕದ ಮುಳ್ಳಿನಲ್ಲಿ ಕಾಣುತ್ತದೆ. ಆದರೆ ಎರಡು ಕಡೆಯೂ ನಿಯಮ ಒಂದೇ: ಒಳಗೆ ಬಂದ ಶಾಖವನ್ನು ಹೊರಗೆ ಹಾಕುವುದಕ್ಕಿಂತ, ಅದು ಒಳಗೆ ಬಾರದಂತೆ ನೋಡಿಕೊಳ್ಳುವುದು ಅಗ್ಗ.