ಮರೀನ್ ಡ್ರೈವ್‌ನಲ್ಲಿ ಅಮ್ಮನ ಫೋಟೊ

ಊರಿಂದ ಅಪ್ಪ-ಅಮ್ಮ ಬಂದಾಗ ನಾವೆಲ್ಲ ಕರ್ಕೊಂಡು ಹೋಗೋದು ಮರೀನ್ ಡ್ರೈವ್‌ಗೆ. ಅವರು ಹಿಂದಿರುಗಿ ಹತ್ತು ಮನೆಗೆ ತೋರಿಸೋದು ಆ ಒಂದೇ ಫೋಟೊ. ಅದರಲ್ಲಿ ಅಮ್ಮನ ಮುಖ ಕಪ್ಪಗೆ, ಸಮುದ್ರದ ಅಂಚು ಸರಿಯಾಗಿ ಕುತ್ತಿಗೆ ಮೇಲೆ! ಹಾಗಾಗಬಾರದು.

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿ. ಎರಡು ಅಡ್ಡಗೆರೆ, ಎರಡು ಉದ್ದಗೆರೆ ಬರುತ್ತವೆ. ಸಂಜೆ ನಾರಿಮನ್ ಪಾಯಿಂಟ್ ಕಡೆಯ ತುದಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಎಡಕ್ಕೆ ಸಮುದ್ರ, ಮುಂದೆ ಸುಮಾರು 3.6 ಕಿ.ಮೀ. ಉದ್ದದ ರಸ್ತೆ ಎಡಕ್ಕೆ ಬಾಗಿ ಮಲಬಾರ್ ಹಿಲ್ ಕಡೆ ಹೋಗುತ್ತೆ. ಅಮ್ಮನನ್ನು ಕಟ್ಟೆ ಮೇಲೆ ಸಮುದ್ರ ನೋಡ್ತಾ ಕೂರಿಸಿ. ಇಳಿಬಿಸಿಲು ನೇರ ಮುಖಕ್ಕೆ ಬೀಳುತ್ತೆ, ಫ್ಲ್ಯಾಶ್ ಬೇಡ.

ಅವರು ಬಲಗಡೆಯ ಉದ್ದಗೆರೆ ಮೇಲಿರಲಿ. ಎಡಕ್ಕೆ, ಅಂದರೆ ಅವರು ನೋಡುವ ಕಡೆಗೆ, ಜಾಗ ಬಿಡಿ. ಕಟ್ಟೆ ಫ್ರೇಮಿನ ಬಲ ಕೆಳಮೂಲೆಯಿಂದ ಶುರುವಾಗಲಿ. ಅದನ್ನೇ ಹಿಡಿದು ನೋಡುಗರ ಕಣ್ಣು ಅಮ್ಮನವರೆಗೆ ಬರುತ್ತೆ. ಇದನ್ನೇ ಲೀಡಿಂಗ್ ಲೈನ್ ಅನ್ನೋದು.

ಇನ್ನು ಕುತ್ತಿಗೆ ವಿಷಯ. ದೂರದ ನೀರಿನ ಅಂಚು ಯಾವಾಗಲೂ ನಿಮ್ಮ ಫೋನಿನ ಎತ್ತರಕ್ಕೇ ಕಾಣುತ್ತೆ. ಫೋನ್ ಅಮ್ಮನ ಕುತ್ತಿಗೆ ಮಟ್ಟದಲ್ಲಿದ್ದರೆ ಗೆರೆಯೂ ಅಲ್ಲೇ. ಮಂಡಿಯೂರಿ ಫೋನನ್ನು ಅವರ ಎದೆಗಿಂತ ಕೆಳಗೆ ತನ್ನಿ. ತಲೆ ಹಿಂದೆ ಬರೀ ಆಕಾಶ ಉಳಿಯುತ್ತೆ. ಆ ಅಂಚನ್ನು ಗ್ರಿಡ್‌ನ ಕೆಳಗಿನ ಅಡ್ಡಗೆರೆಗೆ ಕೂರಿಸಿ. ನಿಯಮಗಳಲ್ಲಿ ಇದೊಂದನ್ನು ಮಾತ್ರ ನಾನು ಬಿಡಲ್ಲ, ಮಿಕ್ಕಿದ್ದು ನಿಮ್ಮಿಷ್ಟ.

ಭಾನುವಾರದ ಜನಜಂಗುಳಿಯಲ್ಲಿ ಕಟ್ಟೆ ಖಾಲಿ ಸಿಗೋದು ಕಷ್ಟ. ವಾರದ ಮಧ್ಯೆ ಅರ್ಧ ದಿನ ರಜೆ ಹಾಕಿ.