ಮಕ್ಕಳ ವಾಂತಿಭೇದಿ ಮತ್ತು ಒಂದು ಗಂಟೆಯ ಪರೀಕ್ಷೆ

ವಾಂತಿಭೇದಿಯಿಂದ ಬಳಲುತ್ತ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ ಮಗುವಿನ ಕರುಳನ್ನು ಕೆಡಿಸಿದ ಸೂಕ್ಷ್ಮಜೀವಿ ಯಾವುದೆಂಬುದು ಬಹುಕಾಲದವರೆಗೆ ಹೆಚ್ಚಾಗಿ ಮಗು ಮನೆಗೆ ಮರಳಿದ ಬಳಿಕವೇ ತಿಳಿಯುತ್ತಿತ್ತು. ಮಲದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಎರಡು-ಮೂರು ದಿನ ಹಿಡಿಯುವುದಲ್ಲದೆ, ಮಕ್ಕಳ ಭೇದಿಗೆ ಮುಖ್ಯ ಕಾರಣಗಳಾದ ರೋಟಾ, ನೋರೋ ಮುಂತಾದ ವೈರಸ್‌ಗಳು ಅದರಲ್ಲಿ ಸಿಕ್ಕುವುದೇ ಇಲ್ಲ. ಈ ಕಾಯುವಿಕೆಯನ್ನು ಮೊಟಕುಗೊಳಿಸಿದ್ದು ಅಣುಮಟ್ಟದ ಪರೀಕ್ಷೆ, ಎಂದರೆ ಜೀವಿಯನ್ನು ಬೆಳೆಸದೆ ಅದರ ವಂಶವಾಹಿಯ ನಿರ್ದಿಷ್ಟ ತುಣುಕನ್ನು ಪಿಸಿಆರ್ ವಿಧಾನದಿಂದ ಕೋಟಿಗಟ್ಟಲೆ ಪ್ರತಿಗಳಾಗಿಸಿ ಪತ್ತೆ ಹಚ್ಚುವ ಕ್ರಮ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ ಇಂಥದೊಂದು ಪರೀಕ್ಷೆಯಾದ ಬಯೋಫೈರ್ ಪ್ಯಾನೆಲ್ 13 ಬಗೆಯ ಬ್ಯಾಕ್ಟೀರಿಯಾ, 5 ವೈರಸ್ ಮತ್ತು 4 ಪರೋಪಜೀವಿಗಳನ್ನು ಒಂದೇ ಮಾದರಿಯಲ್ಲಿ ಸುಮಾರು ಒಂದು ಗಂಟೆಯೊಳಗೆ ಹುಡುಕುತ್ತದೆ.

ಆದರೆ ಆ ಒಂದು ಗಂಟೆಯಷ್ಟೂ ಚಿಕಿತ್ಸೆ ಕಾಯಬಾರದು. ಭೇದಿಯಲ್ಲಿ ಮಕ್ಕಳ ಪ್ರಾಣಕ್ಕೆ ಕುತ್ತು ತರುವುದು ಬಹುಮಟ್ಟಿಗೆ ನೀರು-ಲವಣಗಳ ನಷ್ಟ. ಕಣ್ಣುಗಳು ಗುಳಿಬಿದ್ದಿವೆಯೇ, ಚಿವುಟಿದ ಚರ್ಮ ನಿಧಾನವಾಗಿ ಮರಳುತ್ತದೆಯೇ, ಮಗು ಮಂಕಾಗಿದೆಯೇ ಎಂಬುದನ್ನು ವೈದ್ಯರು ನೋಡಿಯೇ ತಿಳಿಯುತ್ತಾರೆ, ಓಆರ್‌ಎಸ್ ದ್ರಾವಣವನ್ನೋ ಸ್ಥಿತಿ ಗಂಭೀರವಾಗಿದ್ದರೆ ಡ್ರಿಪ್ಪನ್ನೋ ಕೂಡಲೇ ಆರಂಭಿಸುತ್ತಾರೆ. ಕಾರಣ ವೈರಸ್ ಎಂದು ತಿಳಿದರೂ ಈ ಉಪಚಾರ ಬದಲಾಗದು. ಆದ್ದರಿಂದಲೇ ಅಮೆರಿಕದ ಸಾಂಕ್ರಾಮಿಕ ರೋಗತಜ್ಞರ ಸಂಘದ 2017ರ ಮಾರ್ಗಸೂಚಿಯು ಜ್ವರ, ಮಲದಲ್ಲಿ ರಕ್ತ ಅಥವಾ ಲೋಳೆ, ಹೊಟ್ಟೆಯಲ್ಲಿ ತೀವ್ರ ನೋವು, ರಕ್ತಕ್ಕೆ ಸೋಂಕು ಹರಡಿದ ಲಕ್ಷಣ ಇವುಗಳಲ್ಲಿ ಯಾವುದಾದರೂ ಇದ್ದಾಗ ಭೇದಿಯ ರೋಗಿಯ ಮಲಪರೀಕ್ಷೆಯನ್ನು ಸೂಚಿಸುತ್ತದೆ.

ಪರೀಕ್ಷೆಯ ವೇಗ ನಿಜವಾಗಿ ಬೆಲೆಬಾಳುವುದು ರಕ್ತಭೇದಿಯಲ್ಲಿ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಶಿಗೆಲ್ಲಾ ಬ್ಯಾಕ್ಟೀರಿಯಾದ ಸೋಂಕಿದ್ದರೆ ಸೂಕ್ತ ಆ್ಯಂಟಿಬಯಾಟಿಕ್ ಕಾಯಿಲೆಯ ಅವಧಿಯನ್ನು ತಗ್ಗಿಸುತ್ತದೆ; ಮತ್ತೊಬ್ಬರಲ್ಲಿ ಶಿಗಾ ವಿಷ ಸ್ರವಿಸುವ ಇ. ಕೋಲಿ ಇದ್ದರೆ ಅದೇ ಔಷಧ ಅಪಾಯವನ್ನು ಹೆಚ್ಚಿಸಬಹುದೆಂಬ ಆತಂಕವಿರುವುದರಿಂದ ವೈದ್ಯರು ಅದನ್ನು ಕೊಡದಿರುವುದೇ ಕ್ರಮ. ಆ ವಿಷವು ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಒಡೆದು, ಪ್ಲೇಟ್‌ಲೆಟ್‌ಗಳು ಕುಸಿದು, ಮೂತ್ರಪಿಂಡಗಳು ಸೋಲುವ ಸ್ಥಿತಿ ಉಂಟಾಗಬಹುದು, ಅದೂ ಭೇದಿ ಶುರುವಾಗಿ ಸುಮಾರು ಒಂದು ವಾರ ಕಳೆದ ಮೇಲೆ. ಇಂಥ ಮಗುವನ್ನು ಮೊದಲೇ ಗುರುತಿಸಿದರೆ ಸಾಕಷ್ಟು ದ್ರವ ನೀಡುತ್ತ, ಮತ್ತೆ ಮತ್ತೆ ರಕ್ತಪರೀಕ್ಷೆ ನಡೆಸಿ ಕಾವಲಿರಲು ಸಾಧ್ಯ. ಮಕ್ಕಳ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಈ ಪರೀಕ್ಷೆ ಇನ್ನೆಲ್ಲೂ ಮಾಡಲಾರದು.

ಆದರೆ ಮಲದಲ್ಲಿ ಒಂದು ಜೀವಿಯ ವಂಶವಾಹಿ ಸಿಕ್ಕಿದ ಮಾತ್ರಕ್ಕೆ ಆ ಜೀವಿಯೇ ಕಾಯಿಲೆ ತಂದಿತೆನ್ನಲು ಬರುವುದಿಲ್ಲ. ಕೋಲ್ಕತ್ತವೂ ಸೇರಿದಂತೆ ಆಫ್ರಿಕಾ ಮತ್ತು ಏಷ್ಯಾಗಳ ಏಳು ದೇಶಗಳ ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಜೆಮ್ಸ್’ ಅಧ್ಯಯನದಲ್ಲಿ ಭೇದಿಯಿಂದ ಬಳಲಿದ ಮಕ್ಕಳಲ್ಲಿ ಶೇ. 83ರಷ್ಟು ಮಂದಿಯಲ್ಲಿ ಸಂಭಾವ್ಯ ರೋಗಾಣು ಕಂಡುಬಂದರೆ, ಭೇದಿಯಿಲ್ಲದ ಮಕ್ಕಳಲ್ಲಿಯೂ ಅದು ಶೇ. 72ರಷ್ಟಿತ್ತು. ಒಂದು ವರ್ಷದೊಳಗಿನ ಕೂಸುಗಳ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಮಾಡದೆ ನೆಲೆಸಿರುವುದು ಸಾಮಾನ್ಯ. ಪ್ಯಾನೆಲ್ ಅದನ್ನೂ ‘ಪಾಸಿಟಿವ್’ ಎಂದೇ ಹೇಳುತ್ತದೆ, ಅನಗತ್ಯ ಔಷಧಕ್ಕೆ ದಾರಿ ಹೀಗೆ ತೆರೆಯುತ್ತದೆ.

ಯಾವ ಔಷಧಕ್ಕೆ ರೋಗಾಣು ಮಣಿಯುತ್ತದೆ ಎಂಬುದನ್ನೂ ಈ ಪ್ಯಾನೆಲ್ ತಿಳಿಸುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ಶಿಗೆಲ್ಲಾ ಸಿಪ್ರೊಫ್ಲಾಕ್ಸಾಸಿನ್‌ಗೆ ವ್ಯಾಪಕವಾಗಿ ನಿರೋಧ ಬೆಳೆಸಿಕೊಂಡಿರುವುದರಿಂದ, ಅಣುಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಪತ್ತೆಯಾದ ಮಾದರಿಯನ್ನು ಅದೇ ದಿನ ಕಲ್ಚರ್‌ಗೂ ಕಳಿಸಬೇಕಾಗುತ್ತದೆ.