ನಮ್ಮದೇ ರಕ್ತದಿಂದ ಔಷಧ: ಜೀವಕೋಶ ಚಿಕಿತ್ಸೆಯ ಭರವಸೆ ಮತ್ತು ಮಿತಿ

ಕ್ಯಾನ್ಸರ್ ಪೀಡಿತರ ರಕ್ತದಿಂದ ರೋಗನಿರೋಧಕ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಅವರ ಶರೀರಕ್ಕೇ ಸೇರಿಸುವ ಚಿಕಿತ್ಸೆಯ ಸುದ್ದಿ ಈಗ ಮನೆಮನೆಯ ಮೊಬೈಲಿಗೂ ತಲುಪಿದೆ. ಮನೆಯಲ್ಲಿ ರೋಗಿಯೊಬ್ಬರಿದ್ದಾಗ ಇಂಥ ಸುದ್ದಿಯನ್ನು ಓದಿದವರ ಮನದಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ: ಇದು ನಿಜವೇ? ನಮ್ಮವರಿಗೂ ಇದು ಆಗುವುದೇ? ಮೊದಲನೆಯದಕ್ಕೆ ಉತ್ತರ, ಹೌದು. ಎರಡನೆಯದಕ್ಕೆ ಉತ್ತರವು ರೋಗ ಯಾವುದು ಎಂಬುದನ್ನು ಅವಲಂಬಿಸಿದೆ. ಈ ವ್ಯತ್ಯಾಸವನ್ನು ಅರಿಯದೆ ಹೊಲ ಮಾರಿದ ಹಣವನ್ನು ಸುರಿಯುವುದು, ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಎರಡೂ ಅಪಾಯಕರ.

ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳೆಂಬ ಒಂದು ವರ್ಗವಿದೆ. ಸೋಂಕಿಗೆ ಒಳಗಾದ ಅಥವಾ ವಿಕೃತಗೊಂಡ ಕೋಶಗಳನ್ನು ಗುರುತಿಸಿ ನಾಶಪಡಿಸುವುದು ಇವುಗಳ ಕಾರ್ಯ. ಆದರೆ ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ಶರೀರದ ಸ್ವಂತ ಕೋಶಗಳೇ ಮಿತಿ ಮೀರಿ ಬೆಳೆದ ಸ್ಥಿತಿ. ಆದ್ದರಿಂದ ಅನೇಕ ವೇಳೆ ಅದು ಕಾವಲುಗಾರರ ಕಣ್ಣನ್ನು ತಪ್ಪಿಸುತ್ತದೆ.

ಈ ಕಾವಲುಗಾರರನ್ನು ಹೊರಗೆ ಬೆಳೆಸಿ ಬಲಪಡಿಸುವ ಯತ್ನ ೧೯೮೦ರ ದಶಕದಲ್ಲೇ ನಡೆಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಸ್ಟೀವನ್ ರೋಸೆನ್‌ಬರ್ಗ್ ಅವರು ರೋಗಿಗಳ ಗೆಡ್ಡೆಯಿಂದಲೇ ಇಂಥ ಕೋಶಗಳನ್ನು ತೆಗೆದು, ಬೆಳೆಸಿ, ಮರಳಿ ನೀಡಿದರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ ಕೆಲವರಲ್ಲಿ ಗೆಡ್ಡೆ ಕುಗ್ಗಿತು. ಮುಂದೆ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಇಟ್ಟರು. ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿದರಷ್ಟೇ ಸಾಲದು, ಶತ್ರುವಿನ ಗುರುತನ್ನೂ ಅವಕ್ಕೆ ಕಲಿಸಬೇಕೆಂದು ಮನಗಂಡರು. ಹೀಗೆ ರೂಪುಗೊಂಡದ್ದೇ ಕಾರ್-ಟಿ ಚಿಕಿತ್ಸೆ. ೨೦೧೨ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಕಿಗೆ, ಬೇರೆ ಚಿಕಿತ್ಸೆಗಳಿಗೆ ಬಗ್ಗದ ರಕ್ತ ಕ್ಯಾನ್ಸರ್ ಇದರಿಂದ ಹತೋಟಿಗೆ ಬಂದಿತು. ೨೦೧೭ರಲ್ಲಿ ಅಮೆರಿಕವು ಈ ಚಿಕಿತ್ಸೆಗೆ ಅನುಮೋದನೆ ನೀಡಿತು.

ಚಿಕಿತ್ಸೆಯ ಕ್ರಮ ಹೀಗಿದೆ. ಯಂತ್ರವೊಂದರ ಮೂಲಕ ರೋಗಿಯ ರಕ್ತವನ್ನು ಹಾಯಿಸಿ, ಬಿಳಿ ರಕ್ತಕಣಗಳನ್ನು ಮಾತ್ರ ಸಂಗ್ರಹಿಸಿ, ಉಳಿದ ರಕ್ತವನ್ನು ಶರೀರಕ್ಕೆ ಮರಳಿಸುತ್ತಾರೆ. ನಿರುಪದ್ರವಿಯಾಗಿ ಮಾರ್ಪಡಿಸಿದ ವೈರಾಣುವಿನ ಸಹಾಯದಿಂದ ಟಿ ಕೋಶಗಳೊಳಗೆ ಹೊಸ ವಂಶವಾಹಿಯೊಂದನ್ನು ಸೇರಿಸುತ್ತಾರೆ. ಅದರ ಬಲದಿಂದ ಕೋಶದ ಮೇಲ್ಮೈಯಲ್ಲಿ ಶತ್ರುವನ್ನು ಗುರುತಿಸುವ ಗ್ರಾಹಕವೊಂದು ಮೂಡುತ್ತದೆ. ಬಳಿಕ ಅವುಗಳನ್ನು ಕೋಟಿಗಟ್ಟಲೆಯಾಗಿ ಬೆಳೆಸಿ, ಪರೀಕ್ಷಿಸಿ, ರೋಗಿಗೆ ಲಘು ಕೀಮೋಥೆರಪಿ ಕೊಟ್ಟ ನಂತರ ರಕ್ತ ಏರಿಸುವಂತೆಯೇ ಏರಿಸುತ್ತಾರೆ. ಇದಕ್ಕೆಲ್ಲ ಕೆಲವು ವಾರಗಳು ಬೇಕು.

ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಸಹಯೋಗದಿಂದ ಹುಟ್ಟಿದ ನೆಕ್ಸ್‌ಕಾರ್-೧೯ ಚಿಕಿತ್ಸೆಗೆ ೨೦೨೩ರ ಅಕ್ಟೋಬರ್‌ನಲ್ಲಿ ಅನುಮೋದನೆ ದೊರೆಯಿತು. ೨೦೨೪ರ ಏಪ್ರಿಲ್ ೪ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೂ ಈ ಕಾರ್ಯ ನಡೆದಿದೆ. ಕಿರಣ್ ಮಜುಂದಾರ್ ಷಾ, ಡಾ. ಸಿದ್ಧಾರ್ಥ ಮುಖರ್ಜಿ ಮತ್ತು ಕುಶ್ ಪರ್ಮಾರ್ ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆಯು ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಕೋಶಗಳನ್ನು ಬೆಳೆಸುತ್ತದೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಮೊದಲು ರೂಪುಗೊಂಡ ಅದರ ಕಾರ್ಟೆಮಿ ಚಿಕಿತ್ಸೆ ೨೦೨೫ರ ಜನವರಿಯಲ್ಲಿ ಬಳಕೆಗೆ ಬಂದಿತು. ನಾಯಂಡಹಳ್ಳಿಯಲ್ಲಿ ಮೆಟ್ರೊ ಏರಿ, ಮೆಜೆಸ್ಟಿಕ್ ಮತ್ತು ಆರ್.ವಿ. ರಸ್ತೆಗಳಲ್ಲಿ ಬದಲಿಸಿದರೆ ಈಗ ಬೊಮ್ಮಸಂದ್ರವನ್ನು ತಲುಪಬಹುದು. ಒಂದು ಕಾಲಕ್ಕೆ ಸಾಗರದಾಚೆ ಮಾತ್ರ ಇದ್ದ ವಿದ್ಯೆ ಇಷ್ಟು ಸಮೀಪಕ್ಕೆ ಬಂದಿದೆ.

ಆದರೆ ಮಿತಿಯನ್ನು ಮರೆಯಬಾರದು. ಈ ಎರಡೂ ಚಿಕಿತ್ಸೆಗಳು ಬಿ ಕೋಶಗಳೆಂಬ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳಿಗೆ, ಅದರಲ್ಲೂ ಮೊದಲಿನ ಚಿಕಿತ್ಸೆಗೆ ಬಗ್ಗದ ಅಥವಾ ಮರುಕಳಿಸಿದ ರೋಗಕ್ಕೆ ಮೀಸಲು. ನೆಕ್ಸ್‌ಕಾರ್-೧೯ ಲಿಂಫೋಮಾ ಮತ್ತು ಒಂದು ಬಗೆಯ ಲ್ಯುಕೇಮಿಯಾಕ್ಕೆ. ಕಾರ್ಟೆಮಿ ವಯಸ್ಕರ ಲಿಂಫೋಮಾಕ್ಕೆ. ಕಾರಣವೂ ಸ್ಪಷ್ಟ. ಟಿ ಕೋಶಗಳು ಗುರಿಯಿಡುವ ಸಿಡಿ-೧೯ ಎಂಬ ಗುರುತು ಆರೋಗ್ಯವಂತ ಬಿ ಕೋಶಗಳ ಮೇಲೂ ಇರುತ್ತದೆ; ಅವೂ ನಾಶವಾಗುತ್ತವೆ. ಸೋಂಕಿನ ಭಯ ಹೆಚ್ಚಿದರೂ ಅವಿಲ್ಲದೆ ಬದುಕಬಹುದು. ಸ್ತನ, ಶ್ವಾಸಕೋಶ, ಜಠರಗಳ ಕ್ಯಾನ್ಸರ್‌ನಲ್ಲಿ ಕಾಣುವ ಗುರುತುಗಳು ಅನೇಕ ವೇಳೆ ಇತರ ಮುಖ್ಯ ಅಂಗಗಳಲ್ಲಿಯೂ ಇರುತ್ತವೆ. ಅಲ್ಲಿ ದಾಳಿ ಮಾಡಿದರೆ ಪ್ರಾಣಕ್ಕೇ ಕುತ್ತು.

ಅರ್ಹರಾದವರಲ್ಲಿಯೂ ಗುಣ ಖಚಿತವಲ್ಲ. ೨೦೨೫ರಲ್ಲಿ ಪ್ರಕಟವಾದ ನೆಕ್ಸ್‌ಕಾರ್-೧೯ರ ಅಧ್ಯಯನದಲ್ಲಿ ಪರಿಣಾಮವನ್ನು ಅಳೆಯಲಾದ ೫೧ ರೋಗಿಗಳ ಪೈಕಿ ಶೇಕಡಾ ೭೩ರಷ್ಟು ಮಂದಿಯಲ್ಲಿ ರೋಗ ಕುಗ್ಗಿತು, ಉಳಿದವರಲ್ಲಿ ಇಲ್ಲ. ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಮನಸ್ಸಿನ ಗೊಂದಲದಂತಹ ಅಡ್ಡಪರಿಣಾಮಗಳು ಸಂಭವಿಸಬಹುದಾದ್ದರಿಂದ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲಿಯೇ ಇದು ನಡೆಯಬೇಕು. ವಿದೇಶದ ದರಕ್ಕಿಂತ ಬಹಳ ಅಗ್ಗವಾದರೂ ವೆಚ್ಚ ಹತ್ತಾರು ಲಕ್ಷ ರೂಪಾಯಿಗಳು.

ಆದಕಾರಣ ಯಾರಾದರೂ ‘ನಿಮ್ಮ ರಕ್ತದಿಂದಲೇ ಕೋಶ ಬೆಳೆಸಿ ಯಾವ ಕ್ಯಾನ್ಸರನ್ನಾದರೂ ಗುಣಪಡಿಸುತ್ತೇವೆ’ ಎಂದರೆ, ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಇದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ಇದೆಯೇ? ಇದ್ದರೆ ಅದು ನಮ್ಮವರಿಗಿರುವ ಕ್ಯಾನ್ಸರ್‌ಗೇ ಅನ್ವಯಿಸುತ್ತದೆಯೇ? ಇನ್ನೂ ಪ್ರಯೋಗದ ಹಂತದಲ್ಲಿದ್ದರೆ ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ಅದರ ಸಂಖ್ಯೆ ಯಾವುದು? ಈವರೆಗೆ ಎಷ್ಟು ರೋಗಿಗಳಿಗೆ ನೀಡಿ, ಫಲಿತಾಂಶವನ್ನು ಎಲ್ಲಿ ಪ್ರಕಟಿಸಿದ್ದಾರೆ? ಪ್ರಾಮಾಣಿಕ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಲಿಖಿತ ಉತ್ತರವನ್ನೇ ಕೊಡುತ್ತಾರೆ.

ಉತ್ತರಗಳನ್ನು ಎಲ್ಲ ವರದಿಗಳೊಡನೆ ಈಗ ನೋಡುತ್ತಿರುವ ಕ್ಯಾನ್ಸರ್ ತಜ್ಞರಿಗೆ, ಇಲ್ಲವೇ ಕಿದ್ವಾಯಿಯಂತಹ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯುವುದು ಲೇಸು. ಅಲ್ಲಿಯವರೆಗೆ ನಡೆಯುತ್ತಿರುವ ಚಿಕಿತ್ಸೆಯನ್ನು ಒಂದು ದಿನವೂ ನಿಲ್ಲಿಸಬಾರದು. ಸ್ತನ, ಗರ್ಭಕಂಠ, ಬಾಯಿಯ ಕ್ಯಾನ್ಸರ್‌ಗಳು ಆರಂಭದಲ್ಲೇ ಪತ್ತೆಯಾದರೆ ಶಸ್ತ್ರಕ್ರಿಯೆ, ವಿಕಿರಣ, ಔಷಧಗಳೆಂಬ ಪರಿಚಿತ ಮಾರ್ಗಗಳಿಂದಲೇ ಅನೇಕರು ಗುಣಮುಖರಾಗುತ್ತಾರೆ. ಹೊಸದರ ಆಸೆಯಿಂದ ಆ ಅಮೂಲ್ಯ ಕಾಲವನ್ನು ಕಳೆದುಕೊಂಡರೆ ಅದನ್ನು ಯಾವ ಪ್ರಯೋಗಾಲಯವೂ ಮರಳಿ ಬೆಳೆಸಿ ಕೊಡಲಾರದು.